ಅತ್ತಿಕಾಯಿಯೊಳಗಿನ ಸಂಸಾರ

— ಮಾವ, ನಮ್ಮ ಶಾಲೆಯ ಹಿಂದಿನ ಅತ್ತಿ ಮರ ಬುಡದಿಂದಲೇ ಕಾಯಿ ಕಚ್ಚಿ ನಿಂತಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅರೆಬಲಿತ ಕಾಯಿಯನ್ನು ಬಿಚ್ಚಿ ತಂದಳು. ಒಳಗೆಲ್ಲ ಹುಳ. ‘ಟೀಚರ್, ಕಾಯಿ ಮೇಲೆ ಎಲ್ಲೂ ತೂತಿರಲಿಲ್ಲ. ಇಷ್ಟೊಂದು ಹುಳ ಹೇಗೆ ಒಳಗೆ ಹೋದವು?’ ಅಂತ ಕೇಳಿದಳು. ‘ಹೊರಗೆ ಥಳುಕು, ಒಳಗೆ ಹುಳುಕು’ ಅನ್ನೋ ಗಾದೆ ಹೇಳಿ ಮುಗಿಸುವ ಪ್ರಶ್ನೆಯಲ್ಲ ಇದು. ನೀವು ವರ್ಷಗಟ್ಟಲೆ ಕೀಟಗಳ ಹಿಂದೆ ಓಡಾಡಿದವರು. ಹೇಳಿ, ನಾನು ಮಕ್ಕಳಿಗೆ ಎಲ್ಲಿಂದ ಶುರುಮಾಡಲಿ?

— ಆ ಗಾದೆಯನ್ನು ಅತ್ತಿಗೆ ಅಂಟಿಸಿದ್ದೇ ಅನ್ಯಾಯ ಕಣಮ್ಮ. ಅತ್ತಿಯೊಳಗಿನ ಹುಳ ಹಣ್ಣು ಕೆಟ್ಟಿದ್ದರ ಗುರುತಲ್ಲ. ಹುಳ ಇದ್ದರೇ ಆ ಹಣ್ಣಿನಲ್ಲಿ ಬೀಜ, ಬೀಜ ಇದ್ದರೇ ಮುಂದಿನ ಅತ್ತಿ ಮರ. ಅಲ್ಲಿಂದಲೇ ಶುರುಮಾಡು. ಅದಕ್ಕೂ ಮೊದಲು, ಅದು ಒಂದು ಹಣ್ಣಲ್ಲ, ಸಾವಿರಾರು ಹೂಗಳ ಗೂಡು ಅಂತ ತೋರಿಸಬೇಕು. ಸೂರ್ಯಕಾಂತಿಯ ತಟ್ಟೆಯ ತುಂಬ ಪುಟ್ಟ ಪುಟ್ಟ ಹೂ ಒತ್ತಾಗಿ ಕೂತಿರುತ್ತವಲ್ಲ? ಆ ತಟ್ಟೆಯ ಅಂಚನ್ನು ಸುತ್ತಲೂ ಮೇಲೆತ್ತಿ, ಹೂಗಳೆಲ್ಲ ಒಳಗಾಗುವಂತೆ ಬಾಯಿ ಬಿಗಿದರೆ ಹೇಗೋ ಅತ್ತಿಕಾಯಿ ಹಾಗೆ. ತೊಟ್ಟಿನ ಎದುರು ತುದಿಯಲ್ಲಿ ಒಂದು ಸಣ್ಣ ಬಾಯಿ ಇದೆ. ಪುಟ್ಟ ಎಲೆಪದರಗಳು ಒಂದರ ಮೇಲೊಂದು ಬಿದ್ದು ಅದನ್ನು ಬಿಗಿಯಾಗಿ ಮುಚ್ಚಿರುತ್ತವೆ. ಆಲ, ಅರಳಿ, ಬಸರಿ, ಗೋಣಿ, ಎಲ್ಲದರ ಕಾಯಿಯೂ ಇದೇ ರೀತಿ. ಜಗತ್ತಿನಲ್ಲಿ ಈ ಕುಲದ 750ಕ್ಕೂ ಹೆಚ್ಚು ಜಾತಿಗಳಿವೆ.

— ಹೂ ಒಳಗೆ, ಬಾಗಿಲು ಬಂದ್. ಗಾಳಿಯೂ ಹೋಗಲ್ಲ, ಜೇನೂ ಹೋಗಲ್ಲ. ಪರಾಗ ತಲುಪಿಸೋರು ಯಾರು?

— ಒಂದು ಕಣಜ. ಸುಮಾರು ಎರಡು ಮಿಲಿಮೀಟರ್ ಉದ್ದ. ನಮ್ಮ ಅತ್ತಿಗೆ ಬರುವುದಕ್ಕೆ ಸೆರಟೋಸೋಲೆನ್ ಫ್ಯುಸಿಸೆಪ್ಸ್ ಅಂತ ಹೆಸರು. ಆಲಕ್ಕೆ ಬರುವುದು ಬೇರೆ, ಅರಳಿಗೆ ಬರುವುದು ಬೇರೆ. ಹೆಚ್ಚುಕಡಿಮೆ ಪ್ರತಿಯೊಂದು ಜಾತಿಗೂ ಅದರದೇ ಕಣಜ. ಒಳಗಿನ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಪ್ರತಿ ಜಾತಿಯ ವಾಸನೆಯ ಬೆರಕೆ ಬೇರೆ. ಹೆಣ್ಣು ಕಣಜ ಗಾಳಿಯಲ್ಲಿ ಅದನ್ನು ಹಿಡಿದು ಬಂದು ಕಾಯಿಯ ಮೇಲೆ ಇಳಿಯುತ್ತಾಳೆ, ಕುಡಿಮೀಸೆಯಿಂದ ಮುಟ್ಟಿ ಮುಟ್ಟಿ ಖಚಿತ ಮಾಡಿಕೊಳ್ಳುತ್ತಾಳೆ, ಆಮೇಲೆ ಆ ಮುಚ್ಚಿದ ಬಾಯಿಗೆ ತಲೆ ತೂರಿಸುತ್ತಾಳೆ.

— ಅಷ್ಟು ಬಿಗಿಯಾದ ಪದರಗಳ ನಡುವೆಯೇ?

— ಆ ದಾರಿಗೆಂದೇ ರೂಪುಗೊಂಡ ಮೈ ಅದು. ತಲೆ ಚಪ್ಪಟೆ. ದವಡೆಯ ಹಿಂಬದಿಗೆ ಸಾಲು ಸಾಲು ಹಲ್ಲುಗಳಿರುವ ಒಂದು ಪಟ್ಟಿ. ಆ ಹಲ್ಲುಗಳೆಲ್ಲ ಹಿಂದಕ್ಕೆ ಬಾಗಿವೆ. ಮುಂದೆ ತಳ್ಳಿದಷ್ಟೂ ಸಾಗುತ್ತಾಳೆ, ಹಿಂದೆ ಜಾರುವ ಮಾತಿಲ್ಲ. ನುಗ್ಗುವಾಗ ರೆಕ್ಕೆಗಳು ಕಿತ್ತು ಹೊರಗೇ ಉಳಿಯುತ್ತವೆ. ಕುಡಿಮೀಸೆಯ ತುದಿಗಳೂ ಮುರಿಯುತ್ತವೆ. ಕಾಯಿಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಆ ರೆಕ್ಕೆ ಸಿಕ್ಕಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ. ಮಕ್ಕಳಿಗೆ ತೋರಿಸು. ಹೀಗೆ ಒಳಹೊಕ್ಕವಳು ಸಾಮಾನ್ಯವಾಗಿ ಮತ್ತೆ ಹೊರಗೆ ಬರುವುದಿಲ್ಲ.

— ಹಾಗಾದರೆ ಸಾಯಲಿಕ್ಕೇ ಹೋಗೋದು!

— ಹೆರಲಿಕ್ಕೆ ಹೋಗುವುದು ಅನ್ನು. ಅವಳ ಎದೆಯ ಕೆಳಗೆ ಎರಡು ಪುಟ್ಟ ಜೇಬುಗಳಿವೆ. ತಾನು ಹುಟ್ಟಿದ ಕಾಯಿಯಿಂದ ಹೊರಡುವಾಗಲೇ ಅವುಗಳಲ್ಲಿ ಪರಾಗ ತುಂಬಿಕೊಂಡಿರುತ್ತಾಳೆ. ಮುಂಗಾಲಿನ ಬುಡದಲ್ಲಿ ಬಿರುಗೂದಲಿನ ಬಾಚಣಿಗೆ ಇದೆ. ಅದರಿಂದ ಪರಾಗ ತೆಗೆದು ಹೂವಿನ ತುದಿಗೆ ಸವರುತ್ತಾಳೆ. ಜೇನುಹುಳು ಹೂವಿಂದ ಹೂವಿಗೆ ಹಾರುವಾಗ ಪರಾಗ ಮೈಗೆ ಅಂಟಿ ತಾನಾಗಿ ದಾಟುತ್ತದೆ. ಇವಳದು ಹಾಗಲ್ಲ. ಜೇಬಿನಿಂದ ತೆಗೆದು, ಹಚ್ಚಬೇಕಾದ ಕಡೆ ಹಚ್ಚುವುದು ಇವಳ ಕೆಲಸದ ಭಾಗವೇ. ಜೊತೆಜೊತೆಗೆ ಹೂವಿನ ಕೊಳವೆಯೊಳಗೆ ಮೊಟ್ಟೆಯಿಡುವ ಸೂಜಿ ಇಳಿಸಿ ಮೊಟ್ಟೆ ಇಡುತ್ತಾಳೆ. ಒಂದು ಹೂವಿಗೆ ಒಂದು ಮೊಟ್ಟೆ. ಮೊಟ್ಟೆ ಬಿದ್ದ ಹೂವು ಬೀಜವಾಗದೆ ಗಂಟಾಗುತ್ತದೆ. ಆ ಗಂಟೇ ಮರಿಗೆ ಮನೆ, ಅದರ ತಿರುಳೇ ಊಟ. ಮೊಟ್ಟೆ ಬೀಳದೆ ಪರಾಗ ಮಾತ್ರ ತಾಗಿದ ಹೂವು ಬೀಜವಾಗುತ್ತದೆ. ಕಾಯಿ ಒಂದೇ. ಅದರಲ್ಲಿ ಒಂದಿಷ್ಟು ಹೂ ಕಣಜದ ಪಾಲಿಗೆ, ಒಂದಿಷ್ಟು ಮರದ ಪಾಲಿಗೆ.

— ಎಷ್ಟು ಗಂಡು, ಎಷ್ಟು ಹೆಣ್ಣು ಅನ್ನೋದು ಅದೃಷ್ಟವಾ?

— ಅಲ್ಲ, ತಾಯಿಯ ಕೈಲಿದೆ. ಇರುವೆ, ಜೇನು, ಕಣಜಗಳಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ. ಕಾಯಿಯೊಳಗೆ ಅವಳೊಬ್ಬಳೇ ಇದ್ದರೆ ಗಂಡುಗಳನ್ನು ಬಹಳ ಕಡಿಮೆ ಹುಟ್ಟಿಸುತ್ತಾಳೆ. ಅಲ್ಲಿರುವ ಹೆಣ್ಣುಗಳೆಲ್ಲ ಅವಳ ಮಕ್ಕಳೇ. ಕೆಲವೇ ಗಂಡುಗಳು ಅವರೆಲ್ಲರನ್ನೂ ಕೂಡಬಲ್ಲವು, ಹೆಚ್ಚು ಗಂಡು ಹುಟ್ಟಿದರೆ ದಂಡ. ಅದೇ ಕಾಯಿಗೆ ಇನ್ನೂ ನಾಲ್ಕಾರು ತಾಯಂದಿರು ಹೊಕ್ಕಿದ್ದರೆ ಗಂಡುಗಳ ಪಾಲು ಏರುತ್ತದೆ. ಈಗ ಬೇರೆಯವರ ಹೆಣ್ಣುಮಕ್ಕಳೂ ಇದ್ದಾರಲ್ಲ! ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1967ರಲ್ಲಿ ಈ ಲೆಕ್ಕವನ್ನು ಗಣಿತದಲ್ಲಿ ಬರೆದು ತೋರಿಸಿದರು. ಮುಂದೆ ಅತ್ತಿ ಕುಲದ ಕಣಜಗಳ ಮೇಲೆ ನಡೆದ ಎಣಿಕೆಗಳಲ್ಲಿ ಅವರ ಊಹೆ ಗಟ್ಟಿಯಾಯಿತು.

— ಆ ಹುಡುಗಿ ಬಿಚ್ಚಿದ ಕಾಯಿಯಲ್ಲಿ ರೆಕ್ಕೆಯೇ ಇಲ್ಲದ, ಹಳದಿ ಬಣ್ಣದ ಹುಳಗಳೂ ಇದ್ದವು. ಮರಿಗಳಿರಬೇಕು ಅಂದುಕೊಂಡೆ.

— ಗಂಡುಗಳೇ ಇರಬೇಕು. ರೆಕ್ಕೆ ಇಲ್ಲ, ಕಣ್ಣು ಹೆಸರಿಗಷ್ಟೇ. ಒಂದೇ ಜಾತಿಯ ಗಂಡುಹೆಣ್ಣು ಅಂತ ಯಾರೂ ನಂಬಲಾರದಷ್ಟು ವ್ಯತ್ಯಾಸ. ಗಂಡು ಕತ್ತಲಲ್ಲಿ ಹುಟ್ಟಿ ಕತ್ತಲಲ್ಲೇ ಕೆಲಸ ಮುಗಿಸುವವನು. ರೆಕ್ಕೆಯೂ ಕಣ್ಣೂ ಯಾತಕ್ಕೆ? ಅವನಿಗೆ ಬೇಕಾದದ್ದು ಬಲವಾದ ದವಡೆ. ಮೊದಲು ಹೊರಬರುವುದು ಗಂಡು. ಹೆಣ್ಣು ಇನ್ನೂ ಗಂಟಿನೊಳಗೆ ಇರುವಾಗಲೇ ಅದಕ್ಕೊಂದು ತೂತು ಕಡಿದು ಅವಳನ್ನು ಕೂಡುತ್ತಾನೆ. ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆಯಲ್ಲಿ ಸುರಂಗ ಕೊರೆಯುತ್ತವೆ. ಗೋಡೆ ತೂತಾದಾಗ ಕೆಲವು ಗಂಡುಗಳು ಹೊರಗೆ ಉರುಳಿ ಬೀಳುತ್ತವೆ, ಇರುವೆಗಳು ಹೊತ್ತೊಯ್ಯುತ್ತವೆ. ತಮಗೆ ಯಾವ ಉಪಯೋಗವೂ ಇಲ್ಲದ ಬಾಗಿಲನ್ನು ಅವು ಕೊರೆಯುವುದು ಹೆಣ್ಣುಗಳಿಗಾಗಿ.

— ಹೆಣ್ಣುಗಳು ಅಲ್ಲಿಯವರೆಗೆ ಸುಮ್ಮನೆ ಕಾಯುತ್ತವೆಯೇ? ಯಾವಾಗ ಹೊರಡಬೇಕು ಅಂತ ತಿಳಿಯೋದು ಹೇಗೆ?

— ಇಲ್ಲೇ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುವುದು. ಮುಚ್ಚಿದ ಕಾಯಿಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಗಾಳಿಯಲ್ಲಿ ಹೆಣ್ಣುಗಳು ಮಂಕಾಗಿರುತ್ತವೆ, ಗಂಡುಗಳು ಮಾತ್ರ ಚುರುಕಾಗಿ ದುಡಿಯುತ್ತವೆ. ಸುರಂಗ ತೆರೆದ ಕೂಡಲೇ ಹೊರಗಿನ ಗಾಳಿ ಒಳನುಗ್ಗುತ್ತದೆ. ಹೆಣ್ಣುಗಳು ಚೇತರಿಸಿಕೊಂಡು ಹೊರಡುತ್ತವೆ. ಇಸ್ರೇಲಿನ ಯಾಕೋವ್ ಗಾಲಿಲ್ ಮತ್ತು ಸಂಗಡಿಗರು 1973ರಲ್ಲಿ ಇದನ್ನು ತೋರಿಸಿಕೊಟ್ಟದ್ದು ನಮ್ಮ ಅರಳಿ ಮರದ ಕಾಯಿಗಳಲ್ಲಿ. ಹೆಣ್ಣು ಕಣಜಗಳು ಬಲಿಯುವ ಅದೇ ಹೊತ್ತಿಗೆ ಕಾಯಿಯೊಳಗಿನ ಗಂಡು ಹೂಗಳೂ ಬಲಿತು ಪರಾಗ ಬಿರಿಯುತ್ತವೆ. ಹೆಣ್ಣುಗಳು ಜೇಬು ತುಂಬಿಕೊಂಡು ಸುರಂಗದಿಂದ ಹೊರಬೀಳುತ್ತವೆ. ಅವು ಹೋದಮೇಲೆಯೇ ಕಾಯಿ ಮೆದುವಾಗಿ ಕೆಂಪೇರಿ ಸಿಹಿಯಾಗುವುದು. ಆಗ ಕುಟ್ರು ಹಕ್ಕಿ, ಹಸಿರು ಪಾರಿವಾಳ, ಮಂಗಟ್ಟೆ, ಬಾವಲಿ, ಕೆಂಜಳಿಲು, ಮಂಗ, ಎಲ್ಲಕ್ಕೂ ಹಬ್ಬ.

— ಹೊರಬಿದ್ದ ಹೆಣ್ಣಿಗೆ ಎಷ್ಟು ದಿನದ ಆಯಸ್ಸು?

— ಒಂದು, ಹೆಚ್ಚೆಂದರೆ ಎರಡು ದಿನ. ಅಷ್ಟರಲ್ಲಿ ಊಟವೂ ಇಲ್ಲ. ಹುಟ್ಟಿದ ಮರದಲ್ಲೇ ಇನ್ನೊಂದು ಕಾಯಿ ಹೊಗೋಣವೆಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬಲಿಯುತ್ತವೆ. ಇವಳು ಹೊರಡುವ ಹೊತ್ತಿಗೆ ಆ ಮರದಲ್ಲಿ ಹೆಣ್ಣು ಹೂವಿನ ಕಾಲ ಮುಗಿದಿರುತ್ತದೆ. ಅದೇ ಜಾತಿಯ ಇನ್ನೊಂದು ಮರ, ಅದೂ ಈ ಒಂದೆರಡು ದಿನದಲ್ಲಿ ವಾಸನೆ ಬಿಡುತ್ತಿರುವ ಮರ ಬೇಕು. ಹಾಗಾಗಿ ಎತ್ತರಕ್ಕೆ ಏರಿ ಗಾಳಿಯ ಜೊತೆ ಸಾಗುತ್ತಾಳೆ. ನಮೀಬಿಯಾದ ಮರುಭೂಮಿಯಲ್ಲಿ ಒಂದು ನದಿಯ ಪಾತ್ರದುದ್ದಕ್ಕೂ ಅಲ್ಲೊಂದು ಇಲ್ಲೊಂದು ಸಿಕಮೋರ್ ಅತ್ತಿ ಮರಗಳಿವೆ. ಅಲ್ಲಿ ಸಂಶೋಧಕರು ಬೀಜಗಳ ವಂಶಗುರುತು ಪರೀಕ್ಷಿಸಿ ಪರಾಗ ಯಾವ ಮರದಿಂದ ಬಂದದ್ದು ಎಂದು ಪತ್ತೆಹಚ್ಚಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕೆಲವು ಕಣಜಗಳು 160 ಕಿಲೋಮೀಟರಿನಷ್ಟು ದೂರದಿಂದ ಪರಾಗ ತಂದಿದ್ದವು.

— ಎರಡು ಮಿಲಿಮೀಟರಿನ ಹುಳ ಬೆಂಗಳೂರಿನಿಂದ ಮೈಸೂರು ದಾಟಿ ಹೋದಷ್ಟು ದೂರ!

— ಹೋದವುಗಳಲ್ಲಿ ಹೆಚ್ಚಿನವು ಯಾವ ಮರವನ್ನೂ ತಲುಪದೆ ಸಾಯುತ್ತವೆ, ಅದನ್ನೂ ಹೇಳಬೇಕು. ಒಂದು ಮರದಿಂದ ಅಷ್ಟೊಂದು ಕಣಜಗಳು ಹೊರಡುವುದು ಅದಕ್ಕಾಗಿಯೇ.

— ಇನ್ನೊಂದು ಅನುಮಾನ. ಮರದ ಮೇಲೆ ಉದ್ದ ಬಾಲದ ಕಣಜಗಳು ಕೂತಿದ್ದವು. ಕಾಯಿಯ ಮೇಲೆ ನಿಂತು ಬಾಲವನ್ನು ಒಳಗೆ ಚುಚ್ಚುತ್ತಿದ್ದವು. ಅವೂ ಪರಾಗ ತರೋವೇನಾ?

— ಅಲ್ಲ. ಅವು ಪರಾವಲಂಬಿಗಳು. ಬಾಲವಲ್ಲ ಅದು, ಮೊಟ್ಟೆಯಿಡುವ ಸೂಜಿ. ಅವಕ್ಕೆ ಕಾಯಿಯ ಬಾಯಿಯ ಹಂಗಿಲ್ಲ, ಹೊರಗಿನಿಂದಲೇ ಗೋಡೆ ಕೊರೆದು ಮೊಟ್ಟೆ ಇಡುತ್ತವೆ. ಕೆಲವು ತಾವೇ ಹೂವನ್ನು ಗಂಟು ಮಾಡಿಕೊಳ್ಳುತ್ತವೆ, ಕೆಲವು ಒಳಗೆ ಬೆಳೆಯುತ್ತಿರುವ ಮರಿಗಳ ಮೇಲೆಯೇ ಮೊಟ್ಟೆ ಇಡುತ್ತವೆ. ನಮ್ಮ ಅತ್ತಿಗೆ ಇಂಥವು ಹಲವು ಜಾತಿ ಬರುತ್ತವೆ. ಕಾಯಿ ಎಳೆಯದಿರುವಾಗ ಒಂದು, ಬಲಿಯುವಾಗ ಇನ್ನೊಂದು, ಹೀಗೆ ಸರದಿಯ ಪ್ರಕಾರ. ಅಪೋಕ್ರಿಪ್ಟಾ ಎಂಬ ಕಣಜದ ಸೂಜಿ ಮನುಷ್ಯನ ಕೂದಲಿಗಿಂತ ತೆಳು. ಅದು ಬಾಗದೆ ಮುರಿಯದೆ ಗಟ್ಟಿ ಕಾಯಿಯನ್ನು ಹೇಗೆ ಕೊರೆಯುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ಉತ್ತರ ಕೊಟ್ಟರು. ಸೂಜಿಯ ತುದಿಯಲ್ಲಿ ಗರಗಸದ ಹಲ್ಲುಗಳಿವೆ, ಆ ತುದಿಯಲ್ಲಿ ಸತು ಸೇರಿಕೊಂಡಿದೆ. ತುದಿ ಗಟ್ಟಿಯಾಗಿರುವುದು ಆ ಲೋಹದಿಂದ.

— ಲೋಹದ ಮೊನೆಯ ಕಣಜ! ಮಕ್ಕಳು ಇದನ್ನು ಮರೆಯಲ್ಲ. ಆದರೆ ಮಾವ, ಈ ಕಳ್ಳರಿಂದ ಪಾಪ ಆ ತಾಯಿ ಕಣಜಕ್ಕೆ ನಷ್ಟ ಅಲ್ವಾ?

— ನಷ್ಟವೇ. ಆದರೆ ಆಸ್ಟ್ರೇಲಿಯಾದ ಒಂದು ಜಾತಿಯ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದು ಮುಖ ತೋರಿಸಿತು. ಹೊರಗಿನಿಂದ ಚುಚ್ಚುವ ಸೂಜಿ ಗೋಡೆಯ ಬಳಿಯ ಹೂಗಳನ್ನು ಸುಲಭವಾಗಿ ಮುಟ್ಟುತ್ತದೆ, ಕಾಯಿಯ ನಡುವಿನ ಹೂಗಳನ್ನು ಮುಟ್ಟುವುದು ಕಷ್ಟ. ಹಾಗಾಗಿ ನಡುವಿನ ಹೂಗಳಲ್ಲಿ ಇಟ್ಟ ಮರಿಗಳು ಬದುಕುವುದು ಹೆಚ್ಚು, ಗೋಡೆಯ ಬಳಿಯವು ಸಾಯುವುದು ಹೆಚ್ಚು. ತಾಯಿ ಕಣಜಕ್ಕೆ ನಡುವಿನ ಹೂಗಳೇ ಲಾಭ. ಗೋಡೆಯ ಬಳಿಯ ಹೂಗಳು ಬೀಜವಾಗಲು ಉಳಿಯುತ್ತವೆ. ಕಳ್ಳರ ಭಯ ಇರುವುದರಿಂದಲೇ ಮರದ ಪಾಲು ಮರಕ್ಕೆ ಉಳಿಯುತ್ತದೆ ಅಂದರೂ ಆಗುತ್ತದೆ.

— ಅಂದರೆ ಕಳ್ಳರೂ ಈ ಸಂಸಾರದ ಒಂದು ಕೈ.

— ಇನ್ನೂ ಇದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್ ಹುಳುಗಳು. ಅವಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಒಂದು ಕಾಯಿಯಿಂದ ಇನ್ನೊಂದು ಕಾಯಿಗೆ ಹೋಗಬೇಕಾದರೆ ಹೊರಡುತ್ತಿರುವ ಹೆಣ್ಣು ಕಣಜವನ್ನೇ ಹತ್ತಬೇಕು. ತಪ್ಪಿ ಗಂಡನ್ನು ಹತ್ತಿದರೆ ಎಲ್ಲಿಗೂ ಹೋಗಲಾರವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ನಮ್ಮ ಅತ್ತಿಯನ್ನೇ ಹಿಡಿದು ಇದನ್ನು ವರ್ಷಗಳಿಂದ ನೋಡಿದೆ. ಈ ಹುಳುಗಳು ಬಾಲದ ಮೇಲೆ ಎದ್ದು ನಿಂತು ಕಣಜವನ್ನು ಪರೀಕ್ಷಿಸುತ್ತವೆ, ಆಗಲೇ ತುಂಬ ಜನ ಹತ್ತಿದ್ದಾರೆಯೇ ಎಂದು ಅಳೆದು ವಾಹನ ಆರಿಸಿಕೊಳ್ಳುತ್ತವೆ. ಕೆಲವೇ ಹುಳುಗಳಾದರೆ ಕಣಜಕ್ಕೆ ತೊಂದರೆಯಿಲ್ಲ. ಹೆಚ್ಚು ಹತ್ತಿದರೆ ಕಣಜಕ್ಕೂ ಪೆಟ್ಟು, ಮರಕ್ಕೂ ಪೆಟ್ಟು. ಹೊರಗೆ ಚಗಳಿ ಇರುವೆಗಳ ಪಹರೆ ಬೇರೆ. ಕೊರೆಯುವ ಕಣಜ ಬಹಳ ಹೊತ್ತು ಒಂದೇ ಕಡೆ ನಿಲ್ಲಬೇಕು, ಇರುವೆಗೆ ಸುಲಭದ ತುತ್ತು. ಪರಾಗದ ಕಣಜ ಬಂದು ಬೇಗ ಒಳಗೆ ಸೇರಿಕೊಳ್ಳುತ್ತಾಳೆ. ಅತ್ತಿ ಮರದ ಚಗಳಿಗಳು ಕಾಯಿಯ ವಾಸನೆಯನ್ನೂ ಕಣಜದ ವಾಸನೆಯನ್ನೂ ಗುರುತಿಸಿ ಬರುತ್ತವೆಂದು ಅದೇ ತಂಡ ಕಂಡುಕೊಂಡಿದೆ.

— ಒಂದು ನೇರ ಪ್ರಶ್ನೆ. ನಾನು ಮಕ್ಕಳಿಗೆ ಇದನ್ನು ‘ಸ್ನೇಹ’ ಅಂತ ಹೇಳಬಹುದಾ? ಪಠ್ಯದಲ್ಲಿ ‘ಪರಸ್ಪರ ಸಹಕಾರ’ ಅಂತಿದೆ.

— ಸಹಕಾರ ಹೌದು. ಆದರೆ ಪ್ರೀತಿಯಿಂದ ಹುಟ್ಟಿದ್ದಲ್ಲ. ಮೊಟ್ಟೆ ಮಾತ್ರ ಇಟ್ಟು ಪರಾಗ ಹಚ್ಚದ ಕಣಜ ಬಂದರೆ ಏನಾಗುತ್ತದೆ ಅಂತ ಪನಾಮಾದಲ್ಲಿ ಪರೀಕ್ಷಿಸಿದರು. 2010ರಲ್ಲಿ ಬಂದ ಆ ವರದಿಯ ಪ್ರಕಾರ, ಪರಾಗ ಹಚ್ಚುವುದೇ ಕೆಲಸವಾಗಿರುವ ಕಣಜಗಳ ಮರಗಳು ಅಂಥ ಕಾಯಿಗಳನ್ನು ಉದುರಿಸಿಬಿಡುತ್ತವೆ, ಇಲ್ಲವೇ ಅದರಲ್ಲಿ ಹೊರಬರುವ ಮರಿಗಳ ಸಂಖ್ಯೆ ತೀರಾ ಕಡಿಮೆಯಾಗುತ್ತದೆ. ಮೋಸಕ್ಕೆ ತಕ್ಕ ಶಿಕ್ಷೆ ಇದೆ. ಇಬ್ಬರೂ ತಮ್ಮ ತಮ್ಮ ಲಾಭಕ್ಕೇ ದುಡಿಯುತ್ತಾರೆ, ಆದರೆ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಲಾಭವಿಲ್ಲ. ಈ ಒಪ್ಪಂದ ನಡೆದುಬಂದ ಕಾಲ ನೋಡು. ವಂಶಗುರುತಿನ ಲೆಕ್ಕದಲ್ಲಿ ಸುಮಾರು ಏಳೂವರೆ ಕೋಟಿ ವರ್ಷ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಸಿಕ್ಕ ಕಣಜದ ಪಳೆಯುಳಿಕೆಗೆ ಸುಮಾರು 3.4 ಕೋಟಿ ವರ್ಷ. ಅದನ್ನು ಮೊದಲು ಇರುವೆ ಅಂದುಕೊಂಡಿದ್ದರು. ಮತ್ತೆ ಪರೀಕ್ಷಿಸಿದಾಗ ಎದೆಯ ಕೆಳಗಿನ ಪರಾಗದ ಜೇಬುಗಳೂ ಸಿಕ್ಕವು. ಈಗಿನ ಕಣಜಕ್ಕೂ ಅದಕ್ಕೂ ಮೈಕಟ್ಟಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

— ಪೋಷಕರ ಸಭೆಯಲ್ಲಿ ಇದನ್ನೆಲ್ಲ ಹೇಳಿದರೆ ಮೊದಲು ಬರೋ ಪ್ರಶ್ನೆ ನನಗೆ ಗೊತ್ತು. ಅಂಗಡಿಯ ಒಣ ಅಂಜೂರದಲ್ಲೂ ಕಣಜ ಇರುತ್ತದಾ?

— ನಮ್ಮ ಕಡೆ ಬೆಳೆಯುವ ಪೂನಾ ತಳಿಯ ಅಂಜೂರ ಪರಾಗವಿಲ್ಲದೆ ತಾನಾಗಿ ಹಣ್ಣಾಗುತ್ತದೆ, ಅದಕ್ಕೆ ಕಣಜ ಬೇಕಿಲ್ಲ. ಆದರೆ ಟರ್ಕಿಯ ಸ್ಮಿರ್ನಾ ತಳಿಗೆ ಕಣಜ ಬೇಕು. ಆ ತಳಿಯನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದಾಗ ಮರ ಬೆಳೆಯಿತು, ಕಾಯಿ ಮಾತ್ರ ಹಣ್ಣಾಗದೆ ಉದುರಿತು. 1899ರಲ್ಲಿ ಕಣಜವನ್ನೂ ಅಲ್ಲಿ ನೆಲೆಗೊಳಿಸಿದ ಮೇಲೆಯೇ ಫಸಲು ಬಂದದ್ದು. ಅತ್ತಿಹಣ್ಣು ತಿನ್ನುವವರು ಬಿಚ್ಚಿ, ಕೊಡವಿ ತಿನ್ನಲಿ. ತಲೆತಲಾಂತರದಿಂದ ಹಾಗೇ ತಿಂದಿದ್ದೇವೆ.

— ಕ್ಯಾಲಿಫೋರ್ನಿಯಾದ ಮಾತು ಕೇಳಿದ ಮೇಲೆ ಅನ್ನಿಸುತ್ತಿದೆ, ಮರ ಗಟ್ಟಿಮುಟ್ಟಾಗಿ ನಿಂತಿದ್ದರೂ ಕಣಜ ಇಲ್ಲದಿದ್ದರೆ ಅದಕ್ಕೆ ಮುಂದಿನ ಪೀಳಿಗೆಯೇ ಇಲ್ಲ.

— ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ನೀನೇ ಬಂದೆ. ಈಜಿಪ್ಟಿನಲ್ಲಿ ಫೇರೋಗಳ ಕಾಲದಿಂದ ಸಿಕಮೋರ್ ಅತ್ತಿ ಬೆಳೆಸುತ್ತಾರೆ. ಮರ ಅಲ್ಲಿಗೆ ಬಂತು, ಅದರ ಪರಾಗದ ಕಣಜ ಬರಲಿಲ್ಲ. ಸಾವಿರಾರು ವರ್ಷದಿಂದ ಅಲ್ಲಿ ಆ ಮರಕ್ಕೆ ಬೀಜವಿಲ್ಲ. ಜನ ಕಾಯಿಗೆ ಚಾಕುವಿನಿಂದ ಗೀರಿ ಹಣ್ಣು ಮಾಡಿಕೊಂಡರು, ಕೊಂಬೆ ನೆಟ್ಟು ಮರ ಉಳಿಸಿಕೊಂಡರು. ಕೀಟಗಳ ಹೊಂದಾಣಿಕೆಯನ್ನು ನಾವು ಬೆರಗಿನಿಂದ ಹೇಳುತ್ತೇವೆ. ಚಪ್ಪಟೆ ತಲೆ, ಹಿಮ್ಮುಖ ಹಲ್ಲು, ಪರಾಗದ ಜೇಬು, ಎಲ್ಲ ನಿಜ. ಆದರೆ ಒಂದು ಮೈ ಇನ್ನೊಂದು ಜೀವಕ್ಕೆ ಅಷ್ಟು ಕರಾರುವಾಕ್ಕಾಗಿ ಒಗ್ಗಿದೆ ಎಂದರೆ, ಅದಕ್ಕೆ ಬೇರೆ ದಾರಿ ಉಳಿದಿಲ್ಲ ಎಂದೂ ಅರ್ಥ. ಈ ಕಣಜ ಇನ್ನೊಂದು ಹೂವಿಗೆ ಹೋಗಲಾರದು. ನಾಲ್ಕು ದಿನ ತಡೆದು ನೋಡೋಣ ಎನ್ನಲೂ ಆಗದು. ಹೊಂದಾಣಿಕೆ ಹೆಚ್ಚಿದಷ್ಟೂ ಅವಲಂಬನೆಯೂ ಹೆಚ್ಚು. ಮಕ್ಕಳು ಬೆರಗಿನ ಜೊತೆ ಇದನ್ನೂ ಕಲಿಯಲಿ.

— ಹಾಗೆ ತಂತು ಕಡಿದುಹೋದ ಉದಾಹರಣೆ ಇದೆಯಾ, ನಿಜವಾಗಿ ಕಾಡಿನಲ್ಲಿ?

— ಇದೆ. 1998ರ ಆರಂಭದಲ್ಲಿ ಎಲ್ ನಿನೊ ದೆಸೆಯಿಂದ ಬೋರ್ನಿಯೋದಲ್ಲಿ ಭೀಕರ ಬರ ಬಂತು. ಸರವಾಕಿನ ಲಂಬಿರ್ ಹಿಲ್ಸ್ ಕಾಡಿನಲ್ಲಿ ಅತ್ತಿ ಕುಲದ ಹಲವು ಮರಗಳು ಕಾಯಿ ಬಿಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿದವು. ಮರಗಳು ಬದುಕಿಕೊಂಡವು, ಮಳೆ ಬಂದಮೇಲೆ ಮತ್ತೆ ಕಾಯಿ ಬಿಟ್ಟವು. ಆದರೆ ಅವುಗಳ ಕಣಜಗಳು ಆ ಪ್ರದೇಶದಲ್ಲಿ ಅಳಿದುಹೋಗಿದ್ದವು. ಒಂದೆರಡು ದಿನ ಬದುಕುವ ಜೀವಕ್ಕೆ ಕಾಯಿಯಿಲ್ಲದ ತಿಂಗಳು ದಾಟಲು ಸಾಧ್ಯವೇ ಇಲ್ಲ. ಬಿಸಿಲಿನ ಮಾತೂ ಇದೆ. ಸಿಂಗಪುರದಲ್ಲಿ ನಾಲ್ಕು ಜಾತಿಯ ಕಣಜಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಹಗಲಿನ ಉಷ್ಣತೆ ಈಗಿರುವುದಕ್ಕಿಂತ ಮೂರು ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಏರಿದರೆ ಆ ಸಣ್ಣ ಆಯಸ್ಸು ಇನ್ನೂ ಗಣನೀಯವಾಗಿ ಕುಗ್ಗುತ್ತದೆ.

— ನಮ್ಮೂರಿನಲ್ಲಿ ಕಾಡಿಲ್ಲ ಮಾವ. ರಸ್ತೆ ಬದಿಗೆ ನಾಲ್ಕು ಆಲ, ಅರಳಿಕಟ್ಟೆಯ ಅರಳಿ, ಕೆರೆ ಏರಿಯ ಮೇಲೆ ಎರಡು ಅತ್ತಿ, ಶಾಲೆಯ ಹಿಂದಿನದೊಂದು.

— ಅವೇ ಕಣಜಗಳ ದಾರಿ. ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್–ಕುದೂರು ರಸ್ತೆಯ ಬದಿಗೆ ನೀರು ಹೊತ್ತು ಬೆಳೆಸಿದ ಮುನ್ನೂರೆಂಬತ್ತಕ್ಕೂ ಹೆಚ್ಚು ಆಲದ ಮರಗಳನ್ನು ನಾವು ನೆರಳೆಂದು ಹೊಗಳುತ್ತೇವೆ. ಆ ಸಾಲು ಆಲದ ಕಣಜಕ್ಕೆ ನೆರಳಿಗಿಂತ ದೊಡ್ಡದು. ಒಂದು ಮರದಲ್ಲಿ ಕಾಯಿ ಬಲಿಯುವಾಗ ಇನ್ನೊಂದರಲ್ಲಿ ಕಾಯಿ ಮೂಡುತ್ತಿದ್ದರೆ ಅದರ ವಂಶ ತುಂಡಾಗದೆ ಸಾಗುತ್ತದೆ. ಆಫ್ರಿಕದ ಒಂದು ಜಾತಿಯ ಮೇಲೆ ನಡೆದ ಲೆಕ್ಕಾಚಾರದಲ್ಲಿ, ಕಣಜದ ವಂಶ ಕೆಲವು ವರ್ಷ ತಡೆಯಿಲ್ಲದೆ ಉಳಿಯಲು ಒಂದು ಪ್ರದೇಶದಲ್ಲಿ ಸುಮಾರು ನೂರು ಮರ ಬೇಕೆಂದು ಬಂತು. ರಸ್ತೆ ಅಗಲವಾಗುವಾಗ ಒಂದು ಆಲ ಹೋದರೆ ಜನ ಒಂದು ಮರ ಹೋಯಿತು ಅನ್ನುತ್ತಾರೆ. ಅದು ಹೋದ ತಿಂಗಳಲ್ಲಿ ಕಾಯಿ ಬಿಡಲು ಬೇರೆ ಮರ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ. ಮರದ ಜೊತೆ ಹಕ್ಕಿ, ಬಾವಲಿ, ಅಳಿಲುಗಳ ಹೊಟ್ಟೆಯೂ ಇದೆ. ಅತ್ತಿ ಕುಲದ ಹಣ್ಣು ತಿನ್ನುವ ಬೆನ್ನೆಲುಬಿನ ಪ್ರಾಣಿಗಳು ಜಗತ್ತಿನಲ್ಲಿ 1200ಕ್ಕೂ ಹೆಚ್ಚು ಜಾತಿ. ಬೇರೆ ಹಣ್ಣು ಸಿಗದ ತಿಂಗಳಲ್ಲೂ ಇದು ಸಿಗುತ್ತದೆ. ಸಿಗಲು ಕಾರಣ ಕಣಜದ ಅವಸರ.

— ಮಕ್ಕಳು ಏನು ಮಾಡಬಹುದು ಹೇಳಿ. ಕೈಗೆ ಕೆಲಸ ಕೊಡದೆ ಬರೀ ಕಥೆ ಹೇಳಿದರೆ ಪರೀಕ್ಷೆ ಮುಗಿದಮೇಲೆ ಮರೆತುಬಿಡ್ತಾರೆ.

— ಮೊದಲು ನೋಡಲಿ. ಬಲಿತು, ಇನ್ನೂ ತೂತಾಗದ ಕಾಯಿಗಳನ್ನು ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಕಣಜಗಳು ಹೊರಬಂದಾಗ ಗಂಡು, ಹೆಣ್ಣು, ಉದ್ದ ಸೂಜಿಯ ಪರಾವಲಂಬಿ, ಮೂರನ್ನೂ ಭೂತಗನ್ನಡಿಯಲ್ಲಿ ಬೇರೆಬೇರೆಯಾಗಿ ಬರೆದುಕೊಳ್ಳಲಿ. ನೋಡಿದ ಮೇಲೆ ಬಟ್ಟೆ ಬಿಚ್ಚಿಬಿಡಿ, ಅವಕ್ಕೆ ಹೊತ್ತು ಕಡಿಮೆ. ಆಮೇಲೆ ಊರಿನ ಅತ್ತಿ, ಆಲ, ಅರಳಿ, ಬಸರಿ, ಗೋಣಿ, ಎಲ್ಲಕ್ಕೂ ನಂಬರು ಹಾಕಿ ಒಂದು ನಕ್ಷೆ ಮಾಡಲಿ. ಪ್ರತಿ ತಿಂಗಳು ಯಾವ ಮರದಲ್ಲಿ ಕಾಯಿ ಇದೆ, ಯಾವುದರಲ್ಲಿ ಇಲ್ಲ ಅಂತ ಗುರುತು ಹಾಕಲಿ. ಒಂದು ವರ್ಷ ತುಂಬಿದರೆ ಊರಿನದೇ ಒಂದು ಕಾಯಿ ಪಂಚಾಂಗ ಕೈಗೆ ಬರುತ್ತದೆ. ಮರ ಕಡಿಯುವ ಪ್ರಸ್ತಾಪಕ್ಕೆ ಊರಿನವರು ಆಕ್ಷೇಪಣೆ ಬರೆಯುವ ದಿನ ಬಂದರೆ, ‘ಏಪ್ರಿಲ್‌ನಲ್ಲಿ ಈ ಹೋಬಳಿಯಲ್ಲಿ ಕಾಯಿ ಬಿಡುವ ಅತ್ತಿ ಇದೊಂದೇ’ ಅನ್ನುವ ಒಂದು ಸಾಲಿಗೆ ನೂರು ಘೋಷಣೆಗಿಂತ ತೂಕ ಹೆಚ್ಚು.

— ಪಂಚಾಂಗದಲ್ಲಿ ಖಾಲಿ ತಿಂಗಳು ಕಂಡರೆ ಅಲ್ಲಿಗೆ ಒಂದು ಸಸಿ ನೆಡಬಹುದಲ್ವಾ? ಆದರೆ ಸಸಿ ದೊಡ್ಡದಾಗಿ ಯಾವ ತಿಂಗಳು ಕಾಯಿ ಬಿಡುತ್ತದೆ ಅಂತ ಮೊದಲೇ ತಿಳಿಯೋದು ಹೇಗೆ?

— ತಿಳಿಯುವುದಿಲ್ಲ. ಅದಕ್ಕೇ ಒಂದು ನೆಟ್ಟು ಸುಮ್ಮನಾಗಬಾರದು. ಒಂದೇ ಮರದ ಕೊಂಬೆಗಳನ್ನು ಕಡಿದು ನೆಟ್ಟರೆ ಎಲ್ಲವೂ ಒಂದೇ ಗುಣದ ಮರಗಳಾಗುತ್ತವೆ. ಬೇರೆ ಬೇರೆ ಊರಿನ, ಬೇರೆ ಬೇರೆ ತಾಯಿಮರದ ಬೀಜದ ಸಸಿಗಳಾದರೆ ಅವುಗಳ ಕಾಲವೂ ಬೇರೆಯಾಗುವ ಸಾಧ್ಯತೆ ಹೆಚ್ಚು. ಅತ್ತಿಯ ಕಣಜಕ್ಕೆ ಅತ್ತಿಯೇ ಬೇಕು, ಆಲ ನೆಟ್ಟರೆ ಹಕ್ಕಿಗೆ ಊಟವಾದೀತು, ಈ ಕಣಜಕ್ಕಲ್ಲ. ಅದನ್ನೂ ಮಕ್ಕಳಿಗೆ ಬಿಡಿಸಿ ಹೇಳು.

— ಹಾಗಾದರೆ ಈ ಸಲದ ವನಮಹೋತ್ಸವಕ್ಕೆ ನರ್ಸರಿಯಿಂದ ಒಂದೇ ಬಗೆಯ ಅಲಂಕಾರದ ಗಿಡ ತರಿಸುವುದು ಬೇಡ. ಪ್ರತಿ ಮಗುವೂ ತನ್ನ ಅಜ್ಜಿ ಊರಿನ ಅತ್ತಿಯ ಹಣ್ಣು ತರಲಿ ಅಂತೀನಿ. ಬೀಜ ಮೊಳೆಸೋದು ನಮ್ಮ ಕೆಲಸ. ಜಾಗಕ್ಕೆ ಪಂಚಾಯತಿಯನ್ನು ನಾನೇ ಕೇಳ್ತೀನಿ, ಕೆರೆ ಏರಿಯ ಕೆಳಗೆ ತೇವ ಇದೆ.

— ಅತ್ತಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಆ ಹುಡುಗಿಗೆ ಮೊದಲ ಸಸಿ ಕೊಡು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ನಿನ್ನಿಂದ ಆಯಿತು, ಆ ಉತ್ತರ ಮುಂದೆಯೂ ನಿಜವಾಗಿ ಉಳಿಯುವಂತೆ ನೋಡಿಕೊಳ್ಳುವುದು ಅವಳ ಪೀಳಿಗೆಯಿಂದ ಆಗಬೇಕು.